ಒತ್ತಡಕ್ಕೆ ಮುನ್ನ, ಖಿನ್ನತೆಯ ನಂತರ: ಕಪ್ಪಾ ಓಪಿಯಾಯ್ಡ್ ಗ್ರಾಹಕದ ಸಂಶೋಧನೆಯ ಮರುಪರಿಶೀಲನೆ

ಅಫೀಮು, ಮಾರ್ಫಿನ್ ಎಂದೊಡನೆ ನೋವು ಶಮನವೂ ಅಮಲೂ ನೆನಪಾಗುತ್ತವೆ. ಈ ಎರಡಕ್ಕೂ ಮುಖ್ಯ ಕಾರಣ ಮಿದುಳಿನಲ್ಲಿರುವ ಮ್ಯೂ ಎಂಬ ಓಪಿಯಾಯ್ಡ್ ಗ್ರಾಹಕ. ಅದೇ ಕುಟುಂಬದ ಕಪ್ಪಾ ಗ್ರಾಹಕವೂ ನೋವನ್ನು ತಗ್ಗಿಸುತ್ತದೆ, ಆದರೆ ಹಿತವನ್ನು ಕೊಡುವುದಿಲ್ಲ. ಕಪ್ಪಾ ಗ್ರಾಹಕವನ್ನು ಉದ್ದೀಪಿಸುವ ಔಷಧವನ್ನು ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟು ನೋಡಿದ ಜರ್ಮನಿಯ ಸಂಶೋಧಕರು, ಅದು ತೀವ್ರ ಕಳವಳವನ್ನೂ ಇಂದ್ರಿಯಭ್ರಮೆಯನ್ನೂ ತರುತ್ತದೆಂದು 1986ರಲ್ಲಿ ವರದಿ ಮಾಡಿದರು. ನಮ್ಮ ಆಸ್ಪತ್ರೆಗಳಲ್ಲಿ ಫೋರ್ಟ್‌ವಿನ್ ಹೆಸರಿನಲ್ಲಿ ಬಳಕೆಯಾದ ಪೆಂಟಾಜೊಸಿನ್ ಕೂಡ ಭಾಗಶಃ ಈ ಗ್ರಾಹಕದ ಮೂಲಕವೇ ಕೆಲಸ ಮಾಡುತ್ತದೆ. ಕೆಲವು ರೋಗಿಗಳಲ್ಲಿ ಅದು ಎಬ್ಬಿಸುವ ಗಾಬರಿ ವೈದ್ಯರಿಗೆ ಹೊಸದಲ್ಲ. ಕಪ್ಪಾ ಗ್ರಾಹಕಕ್ಕೆ ದೇಹವೇ ತಯಾರಿಸುವ ಪೆಪ್ಟೈಡ್ ಡೈನಾರ್ಫಿನ್. ಸ್ಟ್ಯಾನ್‌ಫರ್ಡ್‌ನ ಆವ್ರಮ್ ಗೋಲ್ಡ್‌ಸ್ಟೀನ್ ತಂಡ 1979ರಲ್ಲಿ ಅದನ್ನು ವಿವರಿಸಿತು. ಮಿದುಳು ತನಗೇ ಸಂಕಟ ಕೊಡುವ ವಸ್ತುವನ್ನು ಏಕೆ ಸ್ರವಿಸಬೇಕು? ಒತ್ತಡ ಮತ್ತು ಖಿನ್ನತೆಯ ಸಂಬಂಧದ ಕುರಿತ ಬಹಳಷ್ಟು ಸಂಶೋಧನೆ ಈ ಪ್ರಶ್ನೆಯ ಬೆನ್ನು ಹತ್ತಿ ಬಂದದ್ದು. ಆ ಸಂಶೋಧನೆ ನಿಜಕ್ಕೂ ಸಾಬೀತುಮಾಡಿರುವುದು ಒತ್ತಡದ ಗಾಯ ಆಗುವ ಬಗೆಯನ್ನು. ಆದ ಗಾಯ ಮಾಯುವ ಬಗೆಯನ್ನಲ್ಲ. ಈ ವ್ಯತ್ಯಾಸವನ್ನು ಮರೆತದ್ದರಿಂದಲೇ ಇತ್ತೀಚಿನ ಔಷಧ ಪ್ರಯೋಗಗಳ ಸೋಲಿಗೆ ತಪ್ಪು ಅರ್ಥ ಹಚ್ಚಲಾಗುತ್ತಿದೆ ಎಂಬುದು ಈ ಲೇಖನದ ವಾದ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಚಾವ್ಕಿನ್ ಅವರ ಪ್ರಯೋಗಾಲಯ ಮಾಡಿದ ಕೆಲಸವನ್ನು ಇಲ್ಲಿ ಹತ್ತಿರದಿಂದ ನೋಡಬೇಕು. 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಲಿಗಳನ್ನು ಮೊದಲ ದಿನ 15 ನಿಮಿಷ, ಮರುದಿನ ನಡುನಡುವೆ ಬಿಡುವು ಕೊಟ್ಟು ಆರಾರು ನಿಮಿಷದಂತೆ ನಾಲ್ಕು ಬಾರಿ, ಹೊರಬರಲಾಗದ ನೀರಿನಲ್ಲಿ ಈಜಿಸಲಾಯಿತು. ಸುತ್ತಿನಿಂದ ಸುತ್ತಿಗೆ ಇಲಿಗಳು ಕೈಕಾಲು ಆಡಿಸುವುದನ್ನು ಬಿಟ್ಟು ತೇಲತೊಡಗಿದವು. ಕಪ್ಪಾ ಗ್ರಾಹಕವನ್ನು ತಡೆಯುವ ನಾರ್-ಬಿಎನ್‌ಐ ಔಷಧವನ್ನು ಮುಂಚಿತವಾಗಿ ಪಡೆದ ಇಲಿಗಳಲ್ಲಿ ಈ ನಿಶ್ಚಲತೆ ಅಷ್ಟಾಗಿ ಬೆಳೆಯಲಿಲ್ಲ. ಡೈನಾರ್ಫಿನ್ ತಯಾರಿಸುವ ಜೀನ್ ಇಲ್ಲದ ಇಲಿಗಳಲ್ಲೂ ಹಾಗೆಯೇ ಆಯಿತು. ಔಷಧ ಮತ್ತು ಜೀನ್ ಎಂಬ ಎರಡು ಸ್ವತಂತ್ರ ದಾರಿಗಳು ಒಂದೇ ಕಡೆ ಬಂದು ಸೇರಿದ್ದು ಈ ಪ್ರಯೋಗದ ಬಲ. 2008ರ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒತ್ತಡದ ಹೊತ್ತಿನಲ್ಲಿ ಮೂಸಿದ ವಾಸನೆಯಿಂದ ಇಲಿಗಳು ಆಮೇಲೆ ದೂರ ಸರಿಯುತ್ತಿದ್ದವು. ಡೈನಾರ್ಫಿನ್ ಇಲ್ಲದ ಇಲಿಗಳು ಸರಿಯಲಿಲ್ಲ. ಒತ್ತಡಕ್ಕೆ ದೇಹ ಕೊಡುವ ಉತ್ತರದ ಮುಖ್ಯ ಪೆಪ್ಟೈಡಾದ ಸಿಆರ್‌ಎಫ್ ಅನ್ನು ಚುಚ್ಚಿದಾಗಲೂ ಇಂಥದೇ ವಿಮುಖತೆ ಉಂಟಾಯಿತು, ಕಪ್ಪಾ ತಡೆದಾಗ ಅದು ಇಲ್ಲವಾಯಿತು. ಆದರೆ ಸಿಆರ್‌ಎಫ್‌ನ ಎರಡನೆಯ ಬಗೆಯ ಗ್ರಾಹಕವನ್ನು ತಡೆದು ನೇರವಾಗಿ ಕಪ್ಪಾ ಗ್ರಾಹಕವನ್ನು ಉದ್ದೀಪಿಸಿದರೆ ವಿಮುಖತೆ ಹಾಗೆಯೇ ಉಳಿಯಿತು. ಮೊದಲು ಸಿಆರ್‌ಎಫ್, ಅದರಿಂದ ಡೈನಾರ್ಫಿನ್, ಕೊನೆಗೆ ಕಪ್ಪಾ ಎಂಬ ಕ್ರಮ ಇದರಿಂದ ಸ್ಪಷ್ಟವಾಗುತ್ತದೆ. ನಡವಳಿಕೆಯ ನರವಿಜ್ಞಾನದಲ್ಲಿ ಕಾರಣಗಳ ಸರಪಳಿ ಇಷ್ಟು ನಿಚ್ಚಳವಾಗಿ ಕಾಣಸಿಗುವುದು ಅಪರೂಪ.

ಈ ಸರಪಳಿಯ ಕೊನೆಯಲ್ಲಿ ನಡೆಯುವುದೇನು ಎಂಬುದಕ್ಕೂ ಆಧಾರಗಳಿವೆ. ಕಪ್ಪಾ ಗ್ರಾಹಕ ಮಿದುಳಿನ ಪ್ರತಿಫಲ ಕೇಂದ್ರವಾದ ನ್ಯೂಕ್ಲಿಯಸ್ ಅಕಂಬೆನ್ಸ್‌ನಲ್ಲಿ ಡೋಪಮೀನ್ ಬಿಡುಗಡೆಯನ್ನು ತಗ್ಗಿಸುತ್ತದೆಂದು 1992ರಲ್ಲೇ ತಿಳಿದಿತ್ತು. ಹಾರ್ವರ್ಡ್‌ನ ಮೆಕ್ಲೀನ್ ಆಸ್ಪತ್ರೆಯ ವಿಲಿಯಂ ಕಾರ್ಲೆಜಾನ್ ಮತ್ತು ಸಹೋದ್ಯೋಗಿಗಳು ಆ ಭಾಗದಲ್ಲಿ ಕ್ರೆಬ್ ಎಂಬ ಪ್ರೋಟೀನನ್ನು ಹೆಚ್ಚಿಸಿದಾಗ ಇಲಿಗಳ ನಿಶ್ಚಲತೆ ಹೆಚ್ಚಿತು. ಕಪ್ಪಾ ತಡೆದರೆ ಆ ಹೆಚ್ಚಳ ಕಾಣಲಿಲ್ಲ.

ಈಗ ಮನುಷ್ಯರ ಮೇಲಿನ ಪ್ರಯೋಗಗಳಿಗೆ ಬರೋಣ. ಕಪ್ಪಾ ತಡೆಯುವ ಅಟಿಕಾಪ್ರಂಟ್ ಔಷಧವನ್ನು, ಯಾವುದರಲ್ಲೂ ಸುಖ ಕಾಣಲಾಗದ ಸ್ಥಿತಿಯಲ್ಲಿದ್ದ 89 ಜನರಲ್ಲಿ ಪರೀಕ್ಷಿಸಿದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಎಂಟು ವಾರಗಳ ನಂತರ, ಹಣ ಗೆಲ್ಲುವ ನಿರೀಕ್ಷೆಯ ಕ್ಷಣದಲ್ಲಿ ಮಿದುಳಿನ ವೆಂಟ್ರಲ್ ಸ್ಟ್ರಯೇಟಮ್ ಭಾಗದ ಚಟುವಟಿಕೆ ಪ್ಲಸೀಬೊ ಪಡೆದವರಿಗಿಂತ ಹೆಚ್ಚಿತ್ತು. ಈ ಭರವಸೆಯ ಮೇಲೆ ದೊಡ್ಡ ಪ್ರಯೋಗಗಳು ಶುರುವಾದವು. 2025ರ ಜನವರಿಯಲ್ಲಿ, ಕಪ್ಪಾ ತಡೆಯುವ ಇನ್ನೊಂದು ಔಷಧವಾದ ನವಕಾಪ್ರಂಟ್‌ನ ಮೊದಲ ಮೂರನೇ ಹಂತದ ಪ್ರಯೋಗ ಗುರಿ ಮುಟ್ಟಲಿಲ್ಲವೆಂದು ಪ್ರಕಟವಾಯಿತು. ಮಾರ್ಚ್‌ನಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಅಟಿಕಾಪ್ರಂಟ್‌ನ ಖಿನ್ನತೆಯ ಪ್ರಯೋಗಗಳನ್ನು ನಿಲ್ಲಿಸಿತು. ಇಲ್ಲಿ ಕೇಳಬೇಕಾದ ಪ್ರಶ್ನೆ, ಸೋತದ್ದು ಯಾವ ಪ್ರಮೇಯ ಎಂಬುದು. ಸಿಯಾಟಲ್‌ನ ಇಲಿಗಳಿಗೆ ಔಷಧ ಸಿಕ್ಕಿದ್ದು ನೀರಿಗಿಳಿಯುವ ಮುನ್ನ. ಪ್ರಯೋಗದ ರೋಗಿಗಳಿಗೆ ಸಿಕ್ಕಿದ್ದು ಖಿನ್ನತೆ ಬೇರೂರಿದ ಮೇಲೆ. ಈ ದೊಡ್ಡ ಪ್ರಯೋಗಗಳಲ್ಲಿ ಅಟಿಕಾಪ್ರಂಟ್ ಪಡೆದವರಂತೂ ಬೇರೆ ಖಿನ್ನತೆ ಔಷಧ ತೆಗೆದುಕೊಂಡೂ ಸಾಕಷ್ಟು ಗುಣ ಕಾಣದವರು. ಒತ್ತಡದ ಸಂದೇಶ ತಲುಪದಂತೆ ತಡೆಯುವುದು ಒಂದು, ತಲುಪಿ ವರ್ಷಗಳಾದ ಸಂದೇಶದ ಪರಿಣಾಮವನ್ನು ಅಳಿಸುವುದು ಇನ್ನೊಂದು. ಎರಡನೆಯದನ್ನು ಮೊದಲನೆಯದರ ಸಾಕ್ಷ್ಯದಿಂದ ನಿರೀಕ್ಷಿಸಿದ್ದೇ ತರ್ಕದೋಷ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ತೇಲುವ ಇಲಿಯನ್ನು ಖಿನ್ನ ಮನುಷ್ಯನಿಗೆ ಸಮೀಕರಿಸುವುದೇ ತಪ್ಪು, ಆ ನಿಶ್ಚಲತೆ ಶಕ್ತಿ ಉಳಿಸುವ ಜಾಣತನವೂ ಇರಬಹುದು ಎನ್ನುವವರಿದ್ದಾರೆ. ಮಾತು ಸರಿಯೇ. ಆದರೆ ವಾಸನೆಯ ಪ್ರಯೋಗಕ್ಕೆ ನಿಶ್ಚಲತೆಯ ಹಂಗಿಲ್ಲ. ಎರಡನೆಯದಾಗಿ, ತಪ್ಪಿಸಿಕೊಳ್ಳಲಾಗದ ಒತ್ತಡ ಕಂಡ ಪ್ರಾಣಿ ಆಮೇಲೆ ಪ್ರಯತ್ನವನ್ನೇ ಬಿಡುವ ‘ಕಲಿತ ಅಸಹಾಯಕತೆ’ಯ ಮಾದರಿಯಲ್ಲಿ, ಒತ್ತಡ ಆದ ಮೇಲೂ ಕಪ್ಪಾ ತಡೆ ಫಲ ಕೊಟ್ಟಿದೆಯಲ್ಲ ಎಂದು ಕೇಳಬಹುದು. ಕೊಟ್ಟಿದೆ; ಆದರೆ ಅಲ್ಲಿನ ಅಸಹಾಯಕತೆಯ ವಯಸ್ಸು ಕೆಲವು ದಿನ ಮಾತ್ರ, ಅದನ್ನು ಮನುಷ್ಯರ ದೀರ್ಘಕಾಲದ ಖಿನ್ನತೆಯ ಪಕ್ಕದಲ್ಲಿಡಲು ಹಿಂಜರಿಯಬೇಕು. ಪಾಸಿಟ್ರಾನ್ ಚಿತ್ರಣದ ಸಾಕ್ಷ್ಯವೂ ನಮ್ಮ ವಾದದ ಕಡೆಗೇ ವಾಲುತ್ತದೆ. ಆಘಾತಕ್ಕೆ ಒಳಗಾದವರನ್ನು ಪರಿಶೀಲಿಸಿದ 2014ರ ಅಧ್ಯಯನದಲ್ಲಿ, ಅಮಿಗ್ಡಲ ಮತ್ತು ಅದಕ್ಕೆ ಕೂಡಿಕೊಂಡ ಭಾಗಗಳಲ್ಲಿ ಲಭ್ಯವಿರುವ ಕಪ್ಪಾ ಗ್ರಾಹಕಗಳು ಕಡಿಮೆಯಿದ್ದಷ್ಟೂ ಸಂಕಟದ ಲಕ್ಷಣಗಳು ತೀವ್ರವಾಗಿದ್ದವು. ಖಿನ್ನತೆಯ ರೋಗಿಗಳನ್ನು ಆರೋಗ್ಯವಂತರೊಂದಿಗೆ ಹೋಲಿಸಿದ 2018ರ ಅಧ್ಯಯನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಎರಡೂ ಸಣ್ಣ ಅಧ್ಯಯನಗಳು, ಅತಿಯಾಗಿ ಓದಿಕೊಳ್ಳಬಾರದು. ಆದರೂ ಕಪ್ಪಾ ವ್ಯವಸ್ಥೆಯ ನಂಟು ಖಿನ್ನತೆ ಎಂಬ ರೋಗನಾಮದೊಂದಿಗಿಂತ ಒತ್ತಡದ ಚರಿತ್ರೆಯೊಂದಿಗೆ ಹೆಚ್ಚು ಎಂದು ಅವು ಸೂಚಿಸುತ್ತವೆ.

ಹೆಣ್ಣು-ಗಂಡಿನ ಪ್ರಶ್ನೆ ಮಾತ್ರ ನನಗೆ ಇನ್ನೂ ತೊಡಕಿನದಾಗಿಯೇ ಕಾಣುತ್ತದೆ. ಮೇಲಿನ ಪ್ರಾಣಿಪ್ರಯೋಗಗಳಲ್ಲಿ ಹೆಚ್ಚಿನವು ಗಂಡಿಲಿಗಳ ಮೇಲೆ ನಡೆದವು. ಹೆಣ್ಣುಗಳಲ್ಲಿ ಕಪ್ಪಾ ಔಷಧಗಳ ಪರಿಣಾಮ ಕಡಿಮೆ ಎಂಬ ವರದಿಗಳೂ ಇವೆ. ಹಾಗಿದ್ದೂ ನವಕಾಪ್ರಂಟ್ ಪ್ರಯೋಗದಲ್ಲಿ ಅನುಕೂಲದ ಸುಳಿವು ಕಂಡದ್ದು ಮಹಿಳೆಯರಲ್ಲಿ, ಪುರುಷರಲ್ಲಲ್ಲ. ಖಿನ್ನತೆ ಮಹಿಳೆಯರಲ್ಲಿ ಹೆಚ್ಚು ಎಂದು ಗೊತ್ತಿದ್ದೂ ಹೆಣ್ಣಿಲಿಗಳನ್ನು ಇಷ್ಟು ವರ್ಷ ಬದಿಗಿಟ್ಟದ್ದು ಈ ಕ್ಷೇತ್ರದ ದೊಡ್ಡ ಕೊರತೆ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರ: ಸೋತ ಸಿದ್ಧಾಂತವನ್ನು ಹೊಸ ಷರತ್ತು ಸೇರಿಸಿ ಬದುಕಿಸಿಕೊಳ್ಳುವ ಪ್ರಯತ್ನವಲ್ಲವೇ ಇದು? ಹಾಗಾಗಬಾರದೆಂದರೆ ಈ ವಾದ ಯಾವಾಗ ಬೀಳುತ್ತದೆಂಬುದನ್ನು ಮೊದಲೇ ಹೇಳಬೇಕು. ಮುಂಚಿತವಾಗಿ ತಿಳಿದಿರುವ ಒತ್ತಡಕ್ಕೆ ಹೋಗುವವರಿಗೆ, ಉದಾಹರಣೆಗೆ ಓಪಿಯಾಯ್ಡ್ ಚಟ ಬಿಡಿಸುವ ಚಿಕಿತ್ಸೆಗೆ ಸೇರುತ್ತಿರುವವರಿಗೆ, ಒತ್ತಡ ಆರಂಭವಾಗುವ ಮುನ್ನವೇ ಕಪ್ಪಾ ತಡೆಯುವ ಔಷಧ ಕೊಟ್ಟು ತಿಂಗಳುಗಟ್ಟಲೆ ಗಮನಿಸಬೇಕು. ಪ್ಲಸೀಬೊ ಪಡೆದವರಷ್ಟೇ ಜನ ಖಿನ್ನತೆಗೆ ಜಾರಿದರೆ ಈ ವಾದವನ್ನು ಕೈಬಿಡಬೇಕು. ಒತ್ತಡದ ಕಹಿ ನೆನಪು ಪ್ರಾಣಿಗೆ ಎಚ್ಚರವನ್ನೂ ಕಲಿಸುತ್ತದೆ. ಅದನ್ನು ಮೊಂಡು ಮಾಡಿದರೆ ಅಪಾಯದ ಅರಿವು ಕುಂದುತ್ತದೆಯೇ ಎಂಬುದನ್ನೂ ಅದೇ ಪ್ರಯೋಗದಲ್ಲಿ ಅಳೆಯಬೇಕು. ಇಂಥ ಪ್ರಯೋಗಕ್ಕೆ ಹಳೆಯ ಔಷಧಗಳು ಹೊಂದುವುದಿಲ್ಲ. ನಾರ್-ಬಿಎನ್‌ಐಯ ಒಂದು ಚುಚ್ಚುಮದ್ದು ವಾರಗಟ್ಟಲೆ ಉಳಿಯುತ್ತದೆ, ಬೇಕೆಂದಾಗ ನಿಲ್ಲಿಸಲಾಗದು; ಅಷ್ಟೇ ದೀರ್ಘಕಾಲ ಉಳಿಯುವ ಜೆಡಿಟಿಕ್‌ನ ಮಾನವ ಪ್ರಯೋಗ ಹೃದಯದ ಲಯ ತಪ್ಪಿದ್ದು ಕಂಡು ನಿಂತಿತು. ಅಟಿಕಾಪ್ರಂಟ್‌ನ ಸ್ಥಿತಿ ಹಾಗಿಲ್ಲ. ದಿನಕ್ಕೊಮ್ಮೆ ನುಂಗುವ ಆ ಔಷಧವನ್ನು ಖಿನ್ನತೆಯ ಪ್ರಯೋಗದಿಂದ ಕೈಬಿಟ್ಟದ್ದು ಪರಿಣಾಮ ಸಾಲದೆಂದು, ಸುರಕ್ಷತೆಯ ಕಾರಣಕ್ಕಲ್ಲ.