ಹೆಪ್ಪಿನಿಂದ ಹಿಮದವರೆಗೆ

ನಮ್ಮ ಚರಿತ್ರೆ ಪುಸ್ತಕಗಳಲ್ಲಿ ಕತ್ತಿಗೆ ಜಾಗವಿದೆ, ಕೋಟೆಗೆ ಜಾಗವಿದೆ, ಕೆರೆಕಟ್ಟೆಗೂ ಅಲ್ಲೊಂದು ಇಲ್ಲೊಂದು ಪುಟವಿದೆ. ಮೊಸರಿಗೆ ಇಲ್ಲ. ಹೈಸ್ಕೂಲಿನ ಮಕ್ಕಳಿಗೆ ವರ್ಷಗಟ್ಟಲೆ ಸಮಾಜ ಪಾಠ ಹೇಳಿದ ನನಗೆ ಇದೊಂದು ಕೊರತೆಯಾಗಿಯೇ ಕಾಣುತ್ತದೆ. ಚಾಲುಕ್ಯರ ದೊರೆಗಳ ಹೆಸರನ್ನು ಕ್ರಮವಾಗಿ ಹೇಳುವ ಹುಡುಗಿಗೆ ತನ್ನ ಮನೆಯ ಮೊಸರಿನ ಹೆಪ್ಪು ಎಲ್ಲಿಂದ ಬಂತು ಎಂದು ಕೇಳಿದರೆ, "ಫ್ರಿಜ್ಜಿನಿಂದ ಮಿಸ್" ಎನ್ನುತ್ತಾಳೆ.

ಈಗ ಪೇಟೆಯ ಮಾಲುಗಳಲ್ಲಿ 'ಫ್ರೋಜನ್ ಯೋಗರ್ಟ್' ಎಂದು ಕಪ್ಪಿನಲ್ಲಿ ತುಂಬಿ, ಮೇಲೆ ಹಣ್ಣಿನ ಚೂರು ಉದುರಿಸಿ ಮಾರುತ್ತಾರೆ. ಅಮೆರಿಕದಲ್ಲಿ ಇದು ವ್ಯಾಪಾರದ ಸರಕಾಗಿದ್ದು 1970ರ ದಶಕದಲ್ಲಿ. ನಮ್ಮ ಮಕ್ಕಳಿಗೆ ಇದು ಹೊಸ ತಿಂಡಿ. ಹೆಸರು ಹೊಸದು, ಬೆಲೆ ಹೊಸದು, ಒಪ್ಪೋಣ. ಆದರೆ ಆ ಕಪ್ಪಿನೊಳಗಿರುವುದು ಮೊಸರು ತಾನೆ? ಮೊಸರಿನ ನೀರು ಬಸಿದು, ಸಿಹಿ ಬೆರೆಸಿ, ತಣ್ಣಗೆ ತಿನ್ನುವ ಆಸೆಗೆ ನಮ್ಮ ನಾಡಿನಲ್ಲಿ ಒಂಬೈನೂರು ವರ್ಷ ವಯಸ್ಸಾಗಿದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ರಾಜನ ಊಟಕ್ಕೆಂದೇ ಒಂದು ಭಾಗವಿದೆ. ಅಲ್ಲಿ ಬರುವ 'ಶಿಖರಿಣಿ' ಎಂದರೆ ಮೊಸರು, ಸಕ್ಕರೆ, ಸುಗಂಧದ್ರವ್ಯ ಕೂಡಿದ ಸಿಹಿ; ಧಾರವಾಡ, ಬೆಳಗಾವಿಯ ಮನೆಗಳ ಶ್ರೀಖಂಡಕ್ಕೆ ಹಿರಿಯಕ್ಕನಂಥದು. ಅದಕ್ಕೂ ನೂರು ವರ್ಷ ಮೊದಲು, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯ ಕನ್ನಡದಲ್ಲೇ ಬರೆದ 'ಲೋಕೋಪಕಾರ'ದಲ್ಲಿ ವ್ಯವಸಾಯ, ವೈದ್ಯ, ಜ್ಯೋತಿಷದ ಜೊತೆಗೆ ಅಡುಗೆಯೂ ಇದೆ. ಇನ್ನು ಮೂರನೆಯ ಮಂಗರಸ. ಜೈನ ಕವಿ, ಹದಿನಾರನೆಯ ಶತಮಾನದ ಆರಂಭದವನು. ಶುದ್ಧ ಸಸ್ಯಾಹಾರಿ ಅಡುಗೆಯನ್ನೇ ವಸ್ತುವಾಗಿಟ್ಟುಕೊಂಡು 'ಸೂಪಶಾಸ್ತ್ರ'ವೆಂಬ ಇಡೀ ಕಾವ್ಯವನ್ನೇ ಕನ್ನಡದಲ್ಲಿ ಬರೆದ.

ಮೂವರೂ ಗಂಡಸರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬರೆದಿಟ್ಟರಲ್ಲ, ಅದು ದೊಡ್ಡದು. ಆದರೆ ಅವರು ಬರೆದದ್ದು ಬಡಿಸಿದ ಮೇಲಿನ ರುಚಿಯನ್ನು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಲಿಗೆ ಬೆರಳು ಅದ್ದಿ, "ಇಷ್ಟು ಬಿಸಿ ಸಾಕು" ಎಂದು ಹೆಪ್ಪು ಹಾಕಿದವಳು ಯಾವ ಓಲೆಗರಿಯಲ್ಲೂ ಇಲ್ಲ. ಚರಿತ್ರೆಯೆಲ್ಲ ಇದ್ದದ್ದು ಅವಳ ಬೆರಳ ತುದಿಯಲ್ಲಿ.

ಆ ಬೆರಳಿಗೆ ಗೊತ್ತಿದ್ದ ವಿಷಯ ವಿಜ್ಞಾನಕ್ಕೆ ಗೊತ್ತಾದದ್ದು ತಡವಾಗಿ. ಜಿನೀವಾದಲ್ಲಿ ಓದುತ್ತಿದ್ದ ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೊವ್ 1905ರಲ್ಲಿ ಮೊಸರಿನ ಬ್ಯಾಕ್ಟೀರಿಯವನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದ. ಹಾಲಿನ ಸಕ್ಕರೆಯನ್ನು ತಿಂದು ಈ ಜೀವಿಗಳು ಆಮ್ಲ ಮಾಡುತ್ತವೆ. ಆಮ್ಲ ಸಾಕಷ್ಟಾದಾಗ ಹಾಲಿನ ಪ್ರೋಟೀನು ಹೆಪ್ಪುಗಟ್ಟುತ್ತದೆ. ಹಾಲು ಕುದಿಯುವಷ್ಟಿದ್ದರೆ ಅವು ಸಾಯುತ್ತವೆ, ತೀರ ತಣ್ಣಗಿದ್ದರೆ ಸೋಮಾರಿಗಳಾಗುತ್ತವೆ. ಅದಕ್ಕೇ ನಮ್ಮ ಅಮ್ಮಂದಿರು ಧನುರ್ಮಾಸದ ಚಳಿಯಲ್ಲಿ ಮೊಸರಿನ ಪಾತ್ರೆಗೆ ಹಳೆಯ ಕಂಬಳಿ ಹೊದಿಸಿ ಅಕ್ಕಿ ಡಬ್ಬದೊಳಗೆ ಮಲಗಿಸುತ್ತಿದ್ದರು. ಹೆಪ್ಪೆಂದರೆ ಜೀವ. ನಿನ್ನೆಯ ಮೊಸರಿನ ಮಗಳು ಇವತ್ತಿನದು, ಇವತ್ತಿನದರ ಮಗಳು ನಾಳೆಯದು. ಒಂದು ದಿನ ತಪ್ಪಿದರೆ ವಂಶ ನಿಂತಿತು. ಪಕ್ಕದ ಮನೆಯಿಂದ ತರಬೇಕು.

ಪಕ್ಕದ ಮನೆ ಎಂದಾಗಲೇ ನಮ್ಮ ರಾಜಾಜಿನಗರದ ಕತೆ ಶುರುವಾಗುತ್ತದೆ. 1949ರಲ್ಲಿ ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ಹುಟ್ಟಿದ ಬಡಾವಣೆ ಇದು. ಪಕ್ಕದಲ್ಲೇ ಕಾರ್ಖಾನೆಗಳ ಪ್ರದೇಶ. ಮಿಲ್ಲು, ಸಾಬೂನು ಕಾರ್ಖಾನೆ, ವಿದ್ಯುತ್ ಮೋಟಾರಿನ ಕಾರ್ಖಾನೆ ಎಂದು ಕೆಲಸ ಹುಡುಕಿ ರಾಜ್ಯದ ಎಲ್ಲ ಕಡೆಯವರೂ ಬಂದರು. ನಾನು ಬೆಳೆದ ವಠಾರದಲ್ಲಿ ಆರು ಮನೆ, ಒಂದು ನಲ್ಲಿ. ಹಾಸನದವರು, ಧಾರವಾಡದವರು, ತೀರ್ಥಹಳ್ಳಿಯವರು, ಕೋಲಾರದ ಕಡೆಯ ಮಿಲ್ಲು ಕಾರ್ಮಿಕರೊಬ್ಬರ ಸಂಸಾರ, ನಾವು, ಮತ್ತು ಮೂಲೆಮನೆಯ ಮಡಿ ಅಜ್ಜಿ. ಊರಿನಲ್ಲಾಗಿದ್ದರೆ ಬೇರೆ ಬೇರೆ ಕೇರಿಗಳಲ್ಲಿ ಇರುತ್ತಿದ್ದವರು ಇಲ್ಲಿ ಒಂದೇ ಗೋಡೆಯ ಆಚೆ ಈಚೆ.

ಅನ್ನ ಸಾರು ಎಲ್ಲ ಮನೆಗಳ ನಡುವೆ ಓಡಾಡುತ್ತಿರಲಿಲ್ಲ. ಅದಕ್ಕೆ ಜಾತಿಯ ಲೆಕ್ಕವಿತ್ತು. ಆದರೆ ಹೆಪ್ಪು ಓಡಾಡುತ್ತಿತ್ತು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಟ್ಟರೆ ಲಕ್ಷ್ಮಿ ಹೊರಟುಹೋಗುತ್ತಾಳೆಂಬ ನಂಬಿಕೆಯಿಂದ ಇಳಿಹೊತ್ತಿಗೇ ಪುಟ್ಟ ಬಟ್ಟಲು ಹಿಡಿದು ಹೋಗಬೇಕಿತ್ತು. ಆ ಬಟ್ಟಲಿನ ಜೊತೆಗೆ ಅಡುಗೆಯೂ ಮನೆ ದಾಟಿತು. ಧಾರವಾಡದ ವೈನಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಮೊಳೆಗೆ ನೇತುಹಾಕಿದ್ದನ್ನು ಕಂಡು ನಮ್ಮಮ್ಮ ಶ್ರೀಖಂಡ ಕಲಿತರು. ತೀರ್ಥಹಳ್ಳಿಯವರಿಂದ ಒಂದೆಲಗದ ತಂಬುಳಿ ಬಂತು, ದೊಡ್ಡಪತ್ರೆಯದೂ ಬಂತು. ನಮ್ಮ ಮನೆಯಿಂದ ಬೂದುಗುಂಬಳದ ಮಜ್ಜಿಗೆ ಹುಳಿ ಹೋಯಿತು. ಪಾತ್ರೆ ಹೋಗದ ಕಡೆಗೆ ವಿಧಾನ ಹೋಗುತ್ತಿತ್ತು.

1980ರ ಫೆಬ್ರವರಿ 16ರ ಸೂರ್ಯಗ್ರಹಣ ನಿಮ್ಮಲ್ಲಿ ಕೆಲವರಿಗೆ ನೆನಪಿರಬೇಕು. ಕಾರವಾರ, ಹುಬ್ಬಳ್ಳಿ ಕಡೆ ಹಗಲೇ ಕತ್ತಲಾದ ಪೂರ್ಣಗ್ರಹಣ, ಬೆಂಗಳೂರಿನಲ್ಲಿ ಪಾರ್ಶ್ವ. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ದರ್ಭೆ ಹಾಕಿಟ್ಟರೆ ಮೊಸರಿಗೆ ದೋಷವಿಲ್ಲವೆಂಬ ಶಾಸ್ತ್ರವಿದ್ದರೂ ಅಜ್ಜಿಗೆ ಸಮಾಧಾನವಾಗದೆ ಇದ್ದಬದ್ದ ಮೊಸರನ್ನೆಲ್ಲ ಚೆಲ್ಲಿದರು. ಅವರನ್ನು ನೋಡಿ ನಾವೂ ಚೆಲ್ಲಿದೆವು, ಉಳಿದವರೂ ಚೆಲ್ಲಿದರು. ಮರುದಿನ ವಠಾರದಲ್ಲಿ ಹೆಪ್ಪು ಉಳಿದಿದ್ದದ್ದು ಕೋಲಾರದವರ ಮನೆಯಲ್ಲಿ ಮಾತ್ರ. ಅವರ ಮನೆಯ ನೀರನ್ನೂ ಮುಟ್ಟದ ಅಜ್ಜಿ ಏನು ಮಾಡುತ್ತಾರೆಂದು ನಾವು ಮಕ್ಕಳೆಲ್ಲ ಕಾದು ನೋಡುತ್ತಿದ್ದೆವು. ಅಜ್ಜಿ ಬಟ್ಟಲು ಹಿಡಿದು ನೇರ ಅವರ ಬಾಗಿಲಿಗೇ ಹೋದರು. ಅಮ್ಮ ಬೆರಗಾಗಿ ನೋಡಿದ್ದಕ್ಕೆ, "ಹೆಪ್ಪು ನಂದೇ ಕಣೇ, ಹೋದ ವಾರ ನಾನೇ ಕೊಟ್ಟಿದ್ದು. ತವರಿಗೆ ತಿರುಗಿ ಬಂದ ಮಗಳಿಗೆ ಮೈಲಿಗೆ ಏನು?" ಎಂದರು.

ಅದು ಜಾಣತನವೋ ಔದಾರ್ಯವೋ ಇವತ್ತಿಗೂ ತೀರ್ಮಾನಿಸಲಾರೆ. ಅಜ್ಜಿ ಆಮೇಲೂ ಅವರ ಮನೆಯ ನೀರು ಕುಡಿಯಲಿಲ್ಲ. ಆದರೆ ಅಂದಿನಿಂದ ವಠಾರದ ಆರೂ ಮನೆಗಳ ಮೊಸರು ಒಂದೇ ಪಾತ್ರೆಯ ಸಂತಾನವಾಯಿತು. ಪುಸ್ತಕದಲ್ಲಿ ಓದಿದ ಸಮಾನತೆಗಿಂತ ಮೊದಲು ನಾನು ಕಂಡದ್ದು ಈ ಬಟ್ಟಲಿನ ಸಮಾನತೆಯನ್ನು. ಎಷ್ಟು ಚಿಕ್ಕದು ಎಂದು ಗೊತ್ತು, ಚಿಕ್ಕದೆಂದು ಸುಳ್ಳಲ್ಲ.

ಹಾಲಿಗೂ ಚರಿತ್ರೆಯಿದೆ. ಮನೆ ಬಾಗಿಲಿಗೇ ಹಸು ತಂದು ಕರೆದುಕೊಡುತ್ತಿದ್ದ ಕಾಲ ಮುಗಿಯುತ್ತ ಬಂದದ್ದು 1965ರಲ್ಲಿ ಬೆಂಗಳೂರು ಡೇರಿ ಶುರುವಾದ ಮೇಲೆ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನ ಹೈನು ಯೋಜನೆ ಬಂತು, ಹಳ್ಳಿಹಳ್ಳಿಗಳಲ್ಲಿ ಸಹಕಾರ ಸಂಘಗಳಾದವು. 1983ರಲ್ಲಿ 'ನಂದಿನಿ' ಎಂಬ ಹೆಸರು ಬಂತು. ಬೆಳಗಿನ ಐದಕ್ಕೇ ಬೂತಿನ ಮುಂದೆ ಚೀಲ ಹಿಡಿದು ನಿಲ್ಲುವ ಸಾಲಿನಲ್ಲಿ ಹೆಂಗಸರದೇ ಅರ್ಧ ಭಾಗ. ಅತ್ತ ಮಾಗಡಿ, ಕನಕಪುರದ ಹಳ್ಳಿಗಳಲ್ಲಿ ಹಾಲು ಕರೆದವಳೂ ಹೆಂಗಸೇ.

ಹಿಮದ ಕತೆ ಇನ್ನೂ ವಿಚಿತ್ರ. ಅಕ್ಬರನ ಕಾಲದಲ್ಲಿ ನೀರು ತಂಪು ಮಾಡಲು ಪೆಟ್ಲುಪ್ಪು ಬಳಸುತ್ತಿದ್ದರೆಂದು 'ಐನ್-ಇ-ಅಕ್ಬರಿ' ಹೇಳುತ್ತದೆ. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ಅಮೆರಿಕದ ವ್ಯಾಪಾರಿ ಬಾಸ್ಟನ್ನಿನಿಂದ ಹಡಗಿನಲ್ಲಿ ಮಂಜುಗಡ್ಡೆ ತುಂಬಿಸಿ ಕಲ್ಕತ್ತೆಗೆ ಕಳಿಸಿದ. ಹೊರಟದ್ದು ಸುಮಾರು 180 ಟನ್, ನಾಲ್ಕು ತಿಂಗಳ ಮೇಲೆ ಮುಟ್ಟಿದ್ದು ಸುಮಾರು 100 ಟನ್. ಮದರಾಸಿನಲ್ಲಿ ಅಂಥ ಗಡ್ಡೆ ಕೂಡಿಡಲು 1842ರಲ್ಲಿ ಕಟ್ಟಿದ 'ಐಸ್ ಹೌಸ್' ಇವತ್ತಿಗೂ ಸಮುದ್ರದಂಡೆಯಲ್ಲಿದೆ. ಈಗ ಅದು ವಿವೇಕಾನಂದರ ಹೆಸರಿನ ಭವನ. ನಮ್ಮ ಬೆಂಗಳೂರಿನ ಬೀದಿಗೆ ಶಿವನಸಮುದ್ರದ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಭಾರತದಲ್ಲಿ ಗೋದ್ರೆಜ್ ಕಂಪನಿ ಫ್ರಿಜ್ಜು ತಯಾರಿಸಿದ್ದು 1958ರಲ್ಲಿ. ನಮ್ಮ ಮನೆಗೆ ಅದು ಬಂದದ್ದು 1986ರಲ್ಲಿ, ಅದೂ ಕಂತಿನಲ್ಲಿ. ಬೀದಿದೀಪದಿಂದ ಅಡುಗೆಮನೆಗೆ ಬರಲು ವಿದ್ಯುತ್ತಿಗೆ ಎಂಬತ್ತು ವರ್ಷ ಹಿಡಿಯಿತು.

ಫ್ರಿಜ್ಜು ಬಂದು ಹೆಂಗಸರನ್ನು ಸೋಮಾರಿ ಮಾಡಿತೆಂದು ಹೇಳಿದವರಿಗೆ ಲೆಕ್ಕವಿಲ್ಲ. ಹೇಳಿದವರಾರೂ ಬೆಳಗಿನ ಎಂಟಕ್ಕೆ ಬಸ್ಸು ಹಿಡಿದು ಶಾಲೆಗೆ ಹೋದವರಲ್ಲ. ರಾತ್ರಿಯೇ ಹುಳಿಗೆ ತರಕಾರಿ ಹೆಚ್ಚಿಟ್ಟು, ದೋಸೆ ಹಿಟ್ಟು ಒಳಗಿಟ್ಟು ಮಲಗುವ ಅನುಕೂಲ ಇಲ್ಲದಿದ್ದರೆ ನನ್ನಂಥ ಎಷ್ಟೋ ಟೀಚರುಗಳು ಮದುವೆಯಾದ ವರ್ಷವೇ ಕೆಲಸ ಬಿಡಬೇಕಾಗುತ್ತಿತ್ತು. ಇದನ್ನೂ ಚರಿತ್ರೆಯಲ್ಲಿ ಸೇರಿಸಬೇಕು.

ಆದರೆ ಕಳೆದದ್ದೂ ಇದೆ. ಮೊಸರು ಎರಡನೆಯ ದಿನಕ್ಕೆ ಹುಳಿಯಾಗುತ್ತಿದ್ದುದರಿಂದಲೇ ಮಜ್ಜಿಗೆ ಹುಳಿ ಹುಟ್ಟಿತು. ಇನ್ನೂ ಹುಳಿಯಾದದ್ದರಲ್ಲಿ ಮೆಣಸಿನಕಾಯಿ ನೆನೆಸಿ ಒಣಗಿಸಿದ್ದರಿಂದ ಬಾಳಕ ಹುಟ್ಟಿತು. ಪ್ರಯಾಣದ ಮೊಸರನ್ನ ದಾರಿಯಲ್ಲಿ ಹುಳಿಯಬಾರದೆಂದು ಅನ್ನಕ್ಕೆ ಹಾಲೇ ಹೆಚ್ಚು ಹಾಕಿ ಒಂದು ಚಮಚ ಮೊಸರು ಬೆರೆಸುವ ಉಪಾಯ ಹುಟ್ಟಿತು. ಕೆಂಗೇರಿ ದಾಟುವಾಗ ಅದು ಹಾಲನ್ನ, ಊಟದ ಹೊತ್ತಿಗೆ ಮೊಸರನ್ನ. ಕೆಡುವುದರ ಭಯವೇ ನಮ್ಮ ಅಡುಗೆಯ ಗುರು. ಹುಳಿ ಮೊಸರಿಲ್ಲದ ಮನೆಯಲ್ಲಿ ಮಜ್ಜಿಗೆ ಹುಳಿಯೂ ಸಪ್ಪೆ.

ಹಾಗಾದರೆ ಈ ಹಿಮಗಟ್ಟಿದ ಮೊಸರನ್ನು ಮನೆಯಲ್ಲೇ ಮಾಡುವುದು ಹೇಗೆ? ಒಂದು ಲೀಟರ್ ಗಟ್ಟಿ ಹಾಲಿನ ಮೊಸರನ್ನು ಹುಳಿಯಾಗುವ ಮೊದಲೇ ತೆಳು ಬಟ್ಟೆಯಲ್ಲಿ ಕಟ್ಟಿ, ಫ್ರಿಜ್ಜಿನೊಳಗೇ ಜಾಲರಿಯ ಮೇಲಿಟ್ಟು ನಾಲ್ಕು ಗಂಟೆ ಬಸಿಯಿರಿ. ಬಸಿದ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟಿಗಾಯಿತು. ಮೊಸರಿಗೆ ಎರಡು ಬಾದಾಮಿ ಮಾವಿನ ಅಥವಾ ನಾಲ್ಕು ರಸಪುರಿಯ ತಿರುಳು, ಅರ್ಧ ಬಟ್ಟಲು ಪುಡಿಮಾಡಿದ ಸಕ್ಕರೆ, ಏಲಕ್ಕಿ, ಚಿಟಿಕೆ ಉಪ್ಪು ಬೆರೆಸಿ ಚೆನ್ನಾಗಿ ಕಡೆಯಿರಿ. ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮೇಲಿನ ಐಸ್ ಪೆಟ್ಟಿಗೆಯಲ್ಲಿಡಿ. ಮುಕ್ಕಾಲು ಗಂಟೆಗೊಮ್ಮೆ ತೆಗೆದು, ಅಂಚಿನಲ್ಲಿ ಗಟ್ಟಿಯಾದದ್ದನ್ನು ಮುಳ್ಳುಚಮಚದಿಂದ ಕೆರೆದು ಕಲಸಿ. ಹೀಗೆ ನಾಲ್ಕು ಸಲ. ಆರು ಗಂಟೆಗೆ ಸಿದ್ಧ. ತಿನ್ನುವ ಹತ್ತು ನಿಮಿಷ ಮೊದಲು ಹೊರಗಿಡಿ.

ಬಸಿಯುವುದೇಕೆಂದರೆ ನೀರು ಹೆಚ್ಚಿದ್ದಷ್ಟೂ ಮಂಜಿನ ಹರಳು ದಪ್ಪವಾಗಿ ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಕಲಸುವುದೇಕೆಂದರೆ ಹರಳು ಬೆಳೆಯುವ ಮೊದಲೇ ಒಡೆಯಲಿಕ್ಕೆ. ಸಕ್ಕರೆ ಬರಿಯ ಸಿಹಿಗಲ್ಲ, ಮೊಸರು ಕಲ್ಲಾಗದಂತೆ ಅದೇ ತಡೆಯುವುದು. ಸಕ್ಕರೆ ತೀರ ಕಡಿಮೆ ಮಾಡಿದರೆ ಸುತ್ತಿಗೆ ಬೇಕಾದೀತು. ಇದೇ ನ್ಯಾಯವನ್ನು ಉಪ್ಪಿಗೆ ಅನ್ವಯಿಸಿ, ಮಂಜುಗಡ್ಡೆಗೆ ಉಪ್ಪು ಬೆರೆಸಿ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ಚಳಿ ಹುಟ್ಟಿಸಿಯೇ ಮರದ ಬಕೆಟ್ಟಿನಲ್ಲಿ ಐಸ್‌ಕ್ರೀಮು ತಿರುಗಿಸುತ್ತಿದ್ದದ್ದು. ಕರೆಂಟು ಹೋಗುವ ಊರಿನವರು ಈಗಲೂ ಹಾಗೆ ಮಾಡಬಹುದು.

ಇಷ್ಟೆಲ್ಲ ಮಾಡುವಾಗ ನನಗೆ ತುಂಬ ಹಿಡಿಸಿದ ಸಂಗತಿ ಒಂದು. ಹಿಮದಲ್ಲಿಟ್ಟರೆ ಹೆಪ್ಪಿನ ಜೀವಿಗಳು ಎಲ್ಲವೂ ಸಾಯುವುದಿಲ್ಲ. ಕೆಲವು ಹೋಗುತ್ತವೆ, ಬಹಳಷ್ಟು ನಿದ್ರಿಸುತ್ತವೆ. ಬೆಚ್ಚಗಿನ ಹಾಲು ಸಿಕ್ಕಿದರೆ ಎದ್ದು ಕೆಲಸ ಶುರುಮಾಡುತ್ತವೆ. ಪೊಟ್ಟಣದ ಮೊಸರು ಕೈಗೆ ಸಿಗುವ ಈ ಕಾಲದಲ್ಲಿ ಬಸವೇಶ್ವರನಗರದ ಅಪಾರ್ಟ್‌ಮೆಂಟಿನಲ್ಲಿ ಯಾರೂ ಯಾರ ಮನೆಗೂ ಹೆಪ್ಪಿಗೆ ಬರುವುದಿಲ್ಲ. ಬಟ್ಟಲು ನಿಂತಿದೆ, ಅದರ ಜೊತೆ ಹೋಗುತ್ತಿದ್ದ ಮಾತೂ ನಿಂತಿದೆ. ಹಾಗಾದರೆ ಈ ವಂಶಗಳನ್ನು ಉಳಿಸುವವರಾರು?

ಆದ್ದರಿಂದ ಒಂದು ವಿನಂತಿ. ಮೊಸರಿಗೆ ಹಣ್ಣು ಸಕ್ಕರೆ ಬೆರೆಸುವ ಮೊದಲು ಎರಡು ಚಮಚ ಸಾದಾ ಮೊಸರನ್ನು ಪುಟ್ಟ ಡಬ್ಬಿಯಲ್ಲಿ ತೆಗೆದಿಡಿ. ಡಬ್ಬಿಯ ಮೇಲೆ ಚೀಟಿ ಅಂಟಿಸಿ, ಈ ಹೆಪ್ಪು ಯಾರ ಮನೆಯದು, ಯಾವ ಊರಿನವರು ಕೊಟ್ಟದ್ದು ಎಂದು ಬರೆಯಿರಿ. ನೆನಪಿರುವ ಹೆಸರನ್ನು ಬರೆಯಿರಿ, ಹೆಂಗಸರ ಹೆಸರನ್ನೇ ಬರೆಯಿರಿ. ಆಮೇಲೆ ದೀಪ ಹಚ್ಚುವ ಮೊದಲು ಪಕ್ಕದ ಬಾಗಿಲು ತಟ್ಟಿ, "ಹೆಪ್ಪು ಬೇಕೇನ್ರೀ?" ಎಂದು ಕೇಳಿ.