ಒಮ್ಮೆ ದಾಟಲು ಹಾಕಿದ ಸಂಕ: ನುಡಿ, ಯೂನಿಕೋಡ್ ಮತ್ತು ನಾವು

ಪತ್ರಿಕೆಯ ಪಿಡಿಎಫ್‌ನಿಂದ ನಿಮ್ಮೂರ ಸುದ್ದಿ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಲು ನೋಡಿದ್ದೀರಾ? ಎಷ್ಟೋ ಸಲ ಕನ್ನಡದ ಬದಲು ತಲೆ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಫೋನು ಕೆಟ್ಟಿಲ್ಲ. ಇದರ ಬೇರು ತೊಂಬತ್ತರ ದಶಕದಲ್ಲಿದೆ.

ಆಗ ಸಾಮಾನ್ಯ ಕಂಪ್ಯೂಟರ್‌ಗೆ ಕನ್ನಡ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಫಾಂಟ್ ಮಾಡಿದರು. ನುಡಿಯ ಹಳೆ ಫಾಂಟಿನಲ್ಲಿ ‘ಕ’ ಎಂದರೆ ಇಂಗ್ಲಿಷಿನ ‘ಪಿ’, ಪಕ್ಕದಲ್ಲಿ ಗೀಟು ಹೊತ್ತ ‘ಎ’. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. 1998ರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಇದೇ ದಾರಿ ಹಿಡಿದವು. ತಪ್ಪೆನ್ನಲಾರೆ, ನಾನು ಟೈಪಿಂಗ್ ಕಲಿತದ್ದೇ ನುಡಿಯಲ್ಲಿ.

ಕನ್ನಡ ಅಕ್ಷರಗಳಿಗೆ ಸ್ವಂತ ಸಂಖ್ಯೆ ಕೊಟ್ಟ ಯೂನಿಕೋಡ್ 1991ರಲ್ಲೇ ಬಂದಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟೂ ಬಂತು. ಹಳೆ ಕಡತಗಳನ್ನು ಇತ್ತ ತರಲು ಕನ್ವರ್ಟರ್‌ಗಳಾದವು. ಒಮ್ಮೆ ದಾಟಿಬಿಟ್ಟರೆ ಮುಗಿಯಿತು ಎಂಬ ಲೆಕ್ಕ.

ನಾವು ದಾಟಲಿಲ್ಲ. ಪುಟ ಕಟ್ಟುವ ಎಷ್ಟೋ ಕಡೆ ಪೇಜ್‌ಮೇಕರ್ ಬಿಡಲಿಲ್ಲ. 2001ರ 7.0 ಅದರ ಕೊನೆಯ ಆವೃತ್ತಿ, ಅದಕ್ಕೆ ಯೂನಿಕೋಡ್ ಕನ್ನಡ ಬಾರದು. ಹಾಗಾಗಿ ನಾನು ಫೋನಿನಲ್ಲಿ ಯೂನಿಕೋಡ್ ಟೈಪಿಸಿ, ಕನ್ವರ್ಟರ್‌ನಲ್ಲಿ ಹಳೆ ನುಡಿಗೆ ತಿರುಗಿಸಿ ಸುದ್ದಿ ಕಳಿಸುತ್ತೇನೆ. ವೆಬ್‌ಸೈಟ್ ನೋಡಿಕೊಳ್ಳುವ ಹುಡುಗ ಅದನ್ನೇ ಮತ್ತೆ ಯೂನಿಕೋಡ್ ಮಾಡುತ್ತಾನೆ! ಹಳೆಯದನ್ನು ಕೈಬಿಡಲೆಂದು ಬಂದ ಸಾಧನವೇ ಹಳೆಯದನ್ನು ದಿನಾ ಉಳಿಸುತ್ತಿದೆ.

ಪ್ರತಿ ತಿರುಗಿಸುವಿಕೆಯಲ್ಲೂ ಏನಾದರೂ ಉದುರುತ್ತದೆ. ‘ಕರ್ನಾಟಕ’ವನ್ನೇ ನೋಡಿ. ಹಳೆ ಫಾಂಟಿನಲ್ಲಿ ‘ನಾ’ ಆದ ಮೇಲೆ ಅರ್ಕಾವತ್ತು, ಯೂನಿಕೋಡಿನಲ್ಲಿ ‘ನಾ’ಗಿಂತ ಮೊದಲೇ ‘ರ್’. ಈ ಅದಲುಬದಲು ತಪ್ಪಿದರೆ ಹೆಸರೇ ಕೆಡುತ್ತದೆ. ಇಂಗ್ಲಿಷ್ ಪದ ಸೇರಿದರಂತೂ ಕೇಳಬೇಡಿ. ಒಮ್ಮೆ ನನ್ನ ಬೆಳೆ ವಿಮೆ ಸುದ್ದಿಯಲ್ಲಿದ್ದ ವೆಬ್ ವಿಳಾಸ ಹಳೆ ಫಾಂಟಿಗೆ ಸಿಕ್ಕಿ ಕನ್ನಡದ ಚೂರುಗಳಾಗಿ ಅಚ್ಚಾಯಿತು. ಅರ್ಜಿಯ ಕೊನೆ ದಿನ ಮೂವರು ರೈತರು ಪೇಪರ್ ಹಿಡಿದು ನನ್ನ ಮನೆಗೇ ಬಂದರು. ಫೋನಿನಲ್ಲಿದ್ದ ಮೂಲ ಸುದ್ದಿ ನೋಡಿ ಬರೆದುಕೊಟ್ಟೆ.

ಕನ್ವರ್ಟರ್ ಯಾವುದಕ್ಕಾಗಿ ಹುಟ್ಟಿತೋ ಆ ಹಳೆ ಸಂಚಿಕೆಗಳು ಮಾತ್ರ ನಮ್ಮಲ್ಲಿ ಸಿಡಿಗಳಲ್ಲೇ ಇವೆ. ನಮ್ಮೂರ ಕೆರೆ ಒಡೆದ ಸುದ್ದಿ ಅದರಲ್ಲಿದೆ, ‘ಕೆರೆ’ ಎಂದು ಹುಡುಕಿದರೆ ಸಿಗದು. ಬಿಡುವಾದಾಗ ಒಂದೊಂದೇ ಕಡತ ತಿರುಗಿಸಿ, ಅರ್ಕಾವತ್ತು ತಿದ್ದುತ್ತಿದ್ದೇನೆ. ಸದ್ಯ 2004ರ ಮಳೆಗಾಲದವರೆಗೆ ಬಂದಿದ್ದೇನೆ.