ಸಾಲೋಟಗಿಯ ಹನ್ನೆರಡು ನಿವರ್ತನ: ಕಾಲೇಜು ಕಟ್ಟಿಸಿದವರು ದೀಪದ ಎಣ್ಣೆಗೂ ಲೆಕ್ಕ ಇಟ್ಟಿದ್ದರು

ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಸಾಲೋಟಗಿ ಶಾಸನದ ಬಗ್ಗೆ ಬರೆಯಿರಿ ಅಂತ ಕೆಲವರು ಕೇಳಿದ್ದರು. ಅದನ್ನು "ಪ್ರಾಚೀನ ವಿಶ್ವವಿದ್ಯಾಲಯ" ಅಂತ ಹೊಗಳುವ ಬರಹಗಳು ಈಗಾಗಲೇ ಬೇಕಾದಷ್ಟಿವೆ. ನಾನು ವೃತ್ತಿಯಿಂದ ಸಿವಿಲ್ ಇಂಜಿನಿಯರ್. ಹಾಗಾಗಿ ಈ ಶಾಸನವನ್ನು ಓದುವಾಗ ನನ್ನ ಕಣ್ಣು ಹೋಗೋದು ಬೇರೆ ಕಡೆ: ದುಡ್ಡು ಯಾರದ್ದು, ಕಟ್ಟಿಸಿದವರು ಯಾರು, ಕಟ್ಟಿದ ಮೇಲೆ ನೋಡಿಕೊಂಡವರು ಯಾರು?

ಮೊದಲು ಶಾಸನದ ವಿಷಯ. ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲ, ಶಕ 867, ಅಂದರೆ ಕ್ರಿ.ಶ. 945. ಅರಸನ ಮಂತ್ರಿ ನಾರಾಯಣ ಎಂಬುವನು ಪಾವಿಟ್ಟಗೆ ಎಂಬ ಊರಿನಲ್ಲಿ ತ್ರಯೀಪುರುಷ ದೇವರಿಗೆ ಸೇರಿದಂತೆ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ಓದುತ್ತಿದ್ದರು. "ಶಾಲಾ ಪಾವಿಟ್ಟಗೆ" ಅನ್ನೋದೇ ಬಾಯಿಂದ ಬಾಯಿಗೆ ಸವೆದು ಸಾಲೋಟಗಿ ಆಯಿತು ಅಂತ ವಿದ್ವಾಂಸರು ಹೇಳುತ್ತಾರೆ. ಒಂದು ಕಟ್ಟಡ ಊರಿನ ಹೆಸರಿನೊಳಗೇ ಸೇರಿಕೊಂಡಿದೆ ಅಂದರೆ ಅದು ಅಲ್ಲಿ ಎಷ್ಟು ಕಾಲ ನಿಂತು ಕೆಲಸ ಮಾಡಿರಬೇಕು, ಯೋಚಿಸಿ.

ಈಗ ದತ್ತಿಯ ಪಟ್ಟಿ. ಸೂರ್ಯಗ್ರಹಣದ ದಿನ ಊರಿನ ಪ್ರಭು ಮತ್ತು ಇನ್ನೂರು ಮಹಾಜನರು ಸೇರಿ ಕೊಟ್ಟದ್ದು ಇಷ್ಟು: ವಿದ್ಯಾರ್ಥಿಗಳಿಗಾಗಿ 500 ನಿವರ್ತನ ಭೂಮಿ, ಅವರ ವಾಸಕ್ಕೆ 27 ನಿವೇಶನ, ಹೂದೋಟಕ್ಕೆ 4 ನಿವರ್ತನ, ದೀಪಕ್ಕೆ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ. ಇಷ್ಟಕ್ಕೇ ಮುಗಿಯಲಿಲ್ಲ. ಊರಿನಲ್ಲಿ ಮದುವೆ ಆದರೆ ಶಾಲೆಗೆ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರಲ್ಲೂ ಅರ್ಧ. ಬ್ರಾಹ್ಮಣ ಭೋಜನ ನಡೆದರೆ ಶಾಲೆಯವರಿಗೂ ಊಟ ಹಾಕಬೇಕು.

ನಿವರ್ತನದ ಅಳತೆ ಕಾಲ, ದೇಶಕ್ಕೆ ತಕ್ಕಂತೆ ಬದಲಾಗುತ್ತೆ. ಆದರೆ ಪ್ರಮಾಣ ನೋಡೋದಕ್ಕೆ ಅದು ಅಡ್ಡಿಯಲ್ಲ. ಒಟ್ಟು 566 ನಿವರ್ತನದಲ್ಲಿ ವಿದ್ಯಾರ್ಥಿಗಳ ಪಾಲು ನೂರಕ್ಕೆ 88, ಉಪಾಧ್ಯಾಯನದು ಹೆಚ್ಚುಕಮ್ಮಿ 9, ದೀಪದ್ದು 2ಕ್ಕಿಂತ ಸ್ವಲ್ಪ ಮೇಲೆ. ಕಟ್ಟಡ ಕಟ್ಟಿಸಿದ್ದು ಮಂತ್ರಿ. ಅದು ಒಂದು ಸಲದ ಖರ್ಚು. ಈ ಪಟ್ಟಿಯಲ್ಲಿರುವುದೆಲ್ಲ ವರ್ಷ ವರ್ಷ ಬರುವ ಖರ್ಚಿಗೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬಂಡವಾಳ ವೆಚ್ಚ ಒಬ್ಬನದು, ಅದರ ಹಿಂದೆಯೇ ನಿರ್ವಹಣಾ ವೆಚ್ಚಕ್ಕೆ ಶಾಶ್ವತ ಮೂಲ. ಎರಡೂ ಒಂದೇ ಕಲ್ಲಿನ ಮೇಲೆ.

ನಾನು ಆ "12 ನಿವರ್ತನ"ದ ಹತ್ತಿರ ನಿಂತುಬಿಡೋದಕ್ಕೆ ಒಂದು ಕಾರಣ ಇದೆ.

ಕೆಲವು ವರ್ಷದ ಹಿಂದೆ ಒಂದು ಸರ್ಕಾರಿ ಪದವಿ ಕಾಲೇಜಿನ ಹೊಸ ಬ್ಲಾಕ್‌ಗೆ ಎಸ್ಟಿಮೇಟ್ ಮಾಡಿದವರಲ್ಲಿ ನಾನೂ ಒಬ್ಬ. ನಕ್ಷೆ ಒಬ್ಬರದು, ಎಸ್ಟಿಮೇಟ್ ನಮ್ಮದು, ಟೆಂಡರ್‌ನಲ್ಲಿ ಕಡಿಮೆ ದರ ಕೂಗಿದವರದು ಕಾಮಗಾರಿ. ಕೆಲಸ ಕೆಟ್ಟದಾಗೇನೂ ಆಗಲಿಲ್ಲ. ಅಂದಾಜಿನೊಳಗೇ ಮುಗಿಯಿತು, ಫೋಟೋ ತೆಗೆದೆವು, ಹಸ್ತಾಂತರ ಆಯಿತು. ದೋಷ ಹೊಣೆಗಾರಿಕೆಯ ಅವಧಿ ಕಳೆದ ಮೇಲೆ ಗುತ್ತಿಗೆದಾರರೂ ತಮ್ಮ ಠೇವಣಿ ತಗೊಂಡು ಹೋದರು. ಅದರ ಮುಂದಿನ ಮಳೆಗಾಲದಲ್ಲಿ ತಾರಸಿಯ ನೀರಿನ ಪೈಪಿನಲ್ಲಿ ಎಲೆ ಕಟ್ಟಿ, ನೀರು ನಿಂತು, ಸೋರಿ, ಕೆಳಗಿದ್ದ ಗ್ರಂಥಾಲಯದ ಎರಡು ರ‍್ಯಾಕ್ ಪುಸ್ತಕ ನೆನೆದುಹೋಯಿತು. ಪ್ರಿನ್ಸಿಪಾಲರು ಫೋನ್ ಮಾಡಿ ಬೈಯಲಿಲ್ಲ. "ಸರ್, ಪೈಪ್ ಕ್ಲೀನ್ ಮಾಡಿಸೋಕೆ ಯಾವ ಹೆಡ್‌ನಲ್ಲಿ ದುಡ್ಡು ತೆಗೀಲಿ, ನೀವೇ ಹೇಳಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆಂದರೆ ಆ ಎಸ್ಟಿಮೇಟಿನಲ್ಲಿ ಕಬ್ಬಿಣ, ಸಿಮೆಂಟು, ಬಣ್ಣ ಎಲ್ಲಾ ಇತ್ತು. ಕಟ್ಟಡ ಬದುಕೋದಕ್ಕೆ ಬೇಕಾದ ಒಂದು ಸಾಲು ಇರಲಿಲ್ಲ. ಆ ಸಾಲು ಬರೆಯದವರಲ್ಲಿ ನಾನೂ ಇದ್ದೆ.

ಇವತ್ತು ಸಾರ್ವಜನಿಕ ಕಟ್ಟಡ ಕಟ್ಟೋದಕ್ಕೆ ಹಲವು ದಾರಿ ಇವೆ. ಮೇಲೆ ಹೇಳಿದ್ದು ಹಳೇ ದಾರಿ: ವಿನ್ಯಾಸ ಬೇರೆ, ಟೆಂಡರ್ ಬೇರೆ, ನಿರ್ಮಾಣ ಬೇರೆ. ಏನಾದರೂ ತಪ್ಪಾದರೆ ನಕ್ಷೆಯವರು ಗುತ್ತಿಗೆದಾರರ ಕಡೆ, ಗುತ್ತಿಗೆದಾರರು ನಕ್ಷೆಯ ಕಡೆ ಬೆರಳು ತೋರಿಸುತ್ತಾರೆ. ಟರ್ನ್‌ಕೀ ಪದ್ಧತಿಯಲ್ಲಿ ವಿನ್ಯಾಸ, ನಿರ್ಮಾಣ ಎರಡೂ ಒಬ್ಬರ ತಲೆ ಮೇಲೆ. ಸಮಯ ಉಳಿಯುತ್ತೆ, ಜಗಳ ಕಡಿಮೆ. ಆದರೆ ಕೀಲಿ ಕೊಟ್ಟ ಮೇಲೆ ಅಲ್ಲೂ ಸಂಬಂಧ ಮುಗಿಯಿತು. ಮೂರನೆಯದು, ಕಟ್ಟಿದವರೇ ಹಲವು ವರ್ಷ ನಿರ್ವಹಣೆಯನ್ನೂ ಮಾಡೋದು. ನಮ್ಮ ದೇಶದ ಹೆದ್ದಾರಿಗಳಲ್ಲಿ 2016ರಿಂದ ಬಂದ ಹೈಬ್ರಿಡ್ ಆನ್ಯುಟಿ ಪದ್ಧತಿ ಈ ಜಾತಿಯದು: ಯೋಜನಾ ವೆಚ್ಚದ 40 ಭಾಗ ನಿರ್ಮಾಣದ ಹೊತ್ತಿನಲ್ಲಿ, ಉಳಿದದ್ದು ರಸ್ತೆ ಬಳಕೆಗೆ ಬಂದ ಮೇಲೆ ಕಂತುಗಳಲ್ಲಿ. ಹತ್ತು ವರ್ಷ ತಾನೇ ನೋಡಿಕೊಳ್ಳಬೇಕು ಅಂತ ಗೊತ್ತಿದ್ದವನು ತಾರಸಿಯ ಪೈಪನ್ನು ಎರಡು ಇಂಚು ದಪ್ಪದ್ದೇ ಹಾಕುತ್ತಾನೆ. ಅವನು ಒಳ್ಳೆಯವನು ಅಂತಲ್ಲ, ರಿಪೇರಿ ಖರ್ಚು ಅವನದೇ ಅಂತ.

ಸಾಲೋಟಗಿಯ ಏರ್ಪಾಡನ್ನು ಈ ಯಾವ ಹೆಸರಿನಿಂದಲೂ ಕರೆಯಬಾರದು. ನಾರಾಯಣ ಗುತ್ತಿಗೆದಾರನಲ್ಲ, ಪುಣ್ಯಕ್ಕಾಗಿ ಕಟ್ಟಿಸಿದವನು. ದಾನಶಾಸನದ ಕೆಲಸ ದತ್ತಿಯನ್ನು ದಾಖಲಿಸೋದು. ಕಲ್ಲುಕುಟಿಗರ ಕೂಲಿ ಲೆಕ್ಕ ಹೇಳೋದಲ್ಲ. ಶಾಸನಗಳಲ್ಲಿ "ಮಾಡಿಸಿದಂ" ಅಂತ ಬರುತ್ತೆ, ಮಾಡಿದವನ ಹೆಸರು ಬರೋದು ಅಪರೂಪ. ಆದರೆ ಒಂದು ಮಾತು ಖಚಿತ: ಕಟ್ಟಿಸುವ ತೀರ್ಮಾನವನ್ನೂ ನಡೆಸುವ ತೀರ್ಮಾನವನ್ನೂ ಅವರು ಬೇರೆ ಮಾಡಲಿಲ್ಲ.

ಇದು ಒಂದೇ ಊರಿನ ಕಥೆಯೂ ಅಲ್ಲ. ಕಲಬುರಗಿ ಜಿಲ್ಲೆ ಚಿತ್ತಾಪುರದ ಹತ್ತಿರದ ನಾಗಾವಿಗೆ ಹೋದವರು ಅರವತ್ತು ಕಂಬದ ಗುಡಿ ನೋಡಿರುತ್ತೀರಿ. ಅಲ್ಲಿನ ಕ್ರಿ.ಶ. 1058ರ ಶಾಸನ ಕಲ್ಯಾಣ ಚಾಲುಕ್ಯ ಒಂದನೇ ಸೋಮೇಶ್ವರನ ದಂಡನಾಯಕ ಮಧುಸೂದನ ಸ್ಥಾಪಿಸಿದ ಘಟಿಕಾಸ್ಥಾನದ್ದು. ವೇದ ಓದುವವರು 200, ಶಾಸ್ತ್ರ ಓದುವವರು 50ಕ್ಕೂ ಮೇಲೆ, ವೇದಕ್ಕೆ ಮೂವರು ಉಪಾಧ್ಯಾಯರು, ಭಟ್ಟದರ್ಶನ, ನ್ಯಾಸ, ಪ್ರಭಾಕರಗಳಿಗೆ ಒಬ್ಬೊಬ್ಬರಂತೆ ಮೂವರು. ಇವರ ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು. ಪಾಠ ಹೇಳುವವರು ಆರು, ಪುಸ್ತಕ ಕಾಯುವವರೂ ಆರು! ತಾಳೆಗರಿಗೆ ಹುಳ, ತೇವ ಎರಡೂ ಶತ್ರು. ಅದನ್ನು ಒಣಗಿಸಿ, ಎಣ್ಣೆ ಹಚ್ಚಿ, ಹಳೆಯದಾದದ್ದನ್ನು ಪ್ರತಿ ಮಾಡದಿದ್ದರೆ ಭಂಡಾರ ಉಳಿಯೋಲ್ಲ. ನೆನೆದ ಆ ಎರಡು ರ‍್ಯಾಕ್ ನೆನಪಾದಾಗಲೆಲ್ಲ ಈ ಆರು ಜನ ನನಗೆ ನೆನಪಾಗುತ್ತಾರೆ.

ಶಾಸನ ಓದುವವರಿಗೆಲ್ಲ ಪರಿಚಯ ಇರುವ ಇನ್ನೊಂದು ಮಾತು "ಖಂಡಸ್ಫುಟಿತ ಜೀರ್ಣೋದ್ಧಾರ". ಮುರಿದದ್ದು, ಬಿರುಕು ಬಿಟ್ಟದ್ದು, ಹಳತಾದದ್ದನ್ನು ಸರಿಪಡಿಸೋದು. ಗುಡಿ ಮಠಗಳ ದತ್ತಿಯಲ್ಲಿ ಇದು ಎಷ್ಟು ಸಲ ಬರುತ್ತೆ ಅಂದರೆ ಸೂತ್ರವಾಕ್ಯ ಅಂತ ನಾವು ದಾಟಿಕೊಂಡು ಹೋಗುತ್ತೇವೆ. ಇಂಜಿನಿಯರ್ ಆಗಿ ಓದಿದರೆ ಅದು ಸೂತ್ರವಲ್ಲ, ಬಜೆಟ್ಟಿನ ಒಂದು ಹೆಡ್. ಕಲ್ಲು ಕೂಡ ಬಿರುಕು ಬಿಡುತ್ತೆ ಅಂತ ಕಟ್ಟಿಸುವ ದಿನವೇ ಒಪ್ಪಿಕೊಂಡವರ ಮಾತು. ಕೊನೆಗೆ ಬರುವ ಶಾಪಾಶಯ, ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಅನ್ನೋದು, ಆ ಹೆಡ್‌ನ ದುಡ್ಡನ್ನು ಬೇರೆ ಕಡೆ ತಿರುಗಿಸದಂತೆ ಹಾಕಿದ ಬೇಲಿ.

ಎಲ್ಲವೂ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ. ಸಾಲೋಟಗಿ, ನಾಗಾವಿಗಳು ವೇದ, ಶಾಸ್ತ್ರ ಓದುವ ಬ್ರಾಹ್ಮಣ ವಿದ್ಯಾರ್ಥಿಗಳಿಗಾಗಿ ಇದ್ದವು. ಆ ಐನೂರು ನಿವರ್ತನವನ್ನು ಉತ್ತವರ ಮಕ್ಕಳಿಗೆ ಅಲ್ಲಿ ಜಾಗ ಇರಲಿಲ್ಲ. ನಾನು ಎಸ್ಟಿಮೇಟ್ ಬರೆದ ಕಾಲೇಜಿನಲ್ಲಿ ಓದೋರು ಅಂಥ ಮನೆಗಳ ಮಕ್ಕಳೇ, ಎಷ್ಟೋ ಜನ ಮನೆಯಲ್ಲಿ ಮೊದಲ ಪದವೀಧರರು. ಅಂದಿನವರು ಕೆಲವರಿಗಾಗಿ ಮಾಡಿಟ್ಟ ದೀಪದ ಏರ್ಪಾಡನ್ನು, ಎಲ್ಲರಿಗಾಗಿ ಕಟ್ಟುವ ನಾವು ಮರೆತರೆ ಹೇಗೆ?

ಆ ಫೋನ್ ಬಂದ ಮೇಲೆ ನಾನು ಮಾಡುವ ಪ್ರತಿ ಎಸ್ಟಿಮೇಟಿಗೂ ಕೊನೆಯಲ್ಲಿ ಒಂದು ಹಾಳೆ ಸೇರಿಸುತ್ತೇನೆ: ವರ್ಷಕ್ಕೆ ಎಷ್ಟು ಸಲ ತಾರಸಿ ಗುಡಿಸಬೇಕು, ಅದಕ್ಕೆ ಎಷ್ಟು ಖರ್ಚು, ಯಾವ ಹೆಡ್‌ನಿಂದ. ಎಷ್ಟೋ ಸಲ ಮೇಲಿನವರು ಅದನ್ನು ತೆಗೆದುಹಾಕುತ್ತಾರೆ. ಒಮ್ಮೆ ಮಾತ್ರ ಹಾಗೇ ಉಳಿದು ಮಂಜೂರಾಗಿ ಬಂತು.

ನಿಮ್ಮ ಊರಿನ ಶಾಸನದಲ್ಲಿ ಶಾಲೆಗೆ, ಮಠದ ವಿದ್ಯಾರ್ಥಿಗಳಿಗೆ ಬಿಟ್ಟ ದತ್ತಿ ಇದ್ದರೆ ಒಮ್ಮೆ ನೋಡಿ, ದೀಪಕ್ಕೆ, ರಿಪೇರಿಗೆ ಎಷ್ಟು ಅಂತ ಬರೆದಿದ್ದಾರಾ? ಸಿಕ್ಕರೆ ಸಾಲನ್ನು ಹಾಗೇ ಬರೆದು ಕಳಿಸಿ. ಪಟ್ಟಿ ಮಾಡೋಣ.